ಕಂದೂರಿಗೆ ಮುಲ್ಲಾ ಯಾಕೆ ಬರಲಿಲ್ಲ

ಅಯ್ಯಮ್ಮನಿಗೆ ಸಿಟ್ಟು ಬಂದರೆ ಮನೆಯ ಪಾತ್ರೆಗಳಿಗೆ ಉಳಿಗಾಲವಿಲ್ಲ. ಆ ದಿನ ಮುಂಜಾನೆ ಕೊಡ, ತಂಬಿಗೆ, ಪರಾತ ಎಲ್ಲವೂ ಅಂಗಳದಲ್ಲಿ ಸದ್ದು ಮಾಡಿದವು. ಕಾರಣ ಮೈದುನ ಪರಮಣ್ಣ ಫೋನಿನಲ್ಲಿ ತೋರಿಸಿದ ಒಂದು ಫೋಟೊ. ಮಗಳು ಸುಕನ್ಯಾ ತಲೆಯ ಮೇಲೆ ಓಢಣಿ ಹೊದ್ದು ಮಸೀದಿಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಕುಳಿತವನು ಇವರ ಓಣಿಯವನೇ, ಮುಲ್ಲಾ ಸಾಬನ ಮಗ ಸೊಹೇಲ್. ಫೋಟೊದ ಕೆಳಗೆ ಯಾರೋ ಬರೆದಿದ್ದರು: ವಿಶ್ವವಿದ್ಯಾಲಯದಲ್ಲಿ ನಮ್ಮ ಹೆಣ್ಣುಮಕ್ಕಳ ಧರ್ಮ ಕೆಡಿಸುತ್ತಿದ್ದಾರೆ, ಎಚ್ಚರ.

"ನೋಡ್ರಿ ವೈನಿ, ನಾ ಬಡಕೊಂಡೆ. ಓದ್ಲಿ, ಓದ್ಲಿ ಅಂತ ಕಳಿಸಿದ್ರಿ. ಈಗ ಎಲ್ಲಿ ಹೋಗಿ ಕುಂತಾಳ ನೋಡ್ರಿ," ಎಂದ ಪರಮಣ್ಣ.

"ಕಾಲು ಮುರೀತೀನಿ ಆಕೀದು," ಎಂದಳು ಅಯ್ಯಮ್ಮ.

ಯಾರು ಬರೆದರು, ಯಾಕೆ ಬರೆದರು ಎಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ತಿರುಗಿಸಿ ಮುರುಗಿಸಿ ನೋಡುವ ಜನ ನಾವು. ಫೋನಿಗೆ ಬಂದದ್ದನ್ನು ಮಾತ್ರ ಹಾಗೇ ನುಂಗುತ್ತೇವೆ. ಹೇಳಲಿಕ್ಕೂ ನಾಚಿಕೆಯಾಗುತ್ತದೆ.

ಅಯ್ಯಮ್ಮನ ಊರು ದೋರನಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಹಳ್ಳಿ. ಅವರದು ಕುರಿ ಸಾಕುವ ಮನೆತನ. ಗಂಡ ಅಯ್ಯಣ್ಣ ಹಿಂಡು ಹೊಡೆದುಕೊಂಡು ಕಾಲುವೆ ಕಡೆಯ ಗದ್ದೆಗಳಿಗೆ ಹೋಗಿದ್ದ. ಮಳೆ ಹಿಡಿಯುವವರೆಗೆ ಅವನ ಸಂಸಾರವೆಲ್ಲ ಅಲ್ಲೇ, ಬಯಲಿನಲ್ಲೇ. ಸುಕನ್ಯಾ ಆ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದ ಮೊದಲ ಮಗಳು. ಈಗ ಶಹಾಪುರದ ಆಚೆಗಿರುವ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಎಂ.ಎ. ಓದುತ್ತಿದ್ದಳು. ಕೊನೆಯ ಪರೀಕ್ಷೆಯೊಂದೇ ಬಾಕಿ.

ಫೋನು ಮಾಡಿದಾಗ ಅಯ್ಯಣ್ಣ ಹೆಚ್ಚು ಮಾತಾಡಲಿಲ್ಲ. "ಹುಡುಗೀನ ಕರಕೊಂಡು ಬರ್ರಿ. ಹತ್ತಿಕುಣಿಯವರು ಐತವಾರ ನೋಡಾಕ ಬರ್ತೀವಿ ಅಂದಾರ. ಲಗ್ನ ಮಾಡಿ ಮುಗಿಸೋಣ," ಎಂದ. ಹತ್ತಿಕುಣಿಯ ಹುಡುಗ ತಿರುಪತಿ ಪರಮಣ್ಣನ ಹೆಂಡತಿಯ ತಮ್ಮ. ಹೀಗೆ ಒಂದು ಫೋಟೊ ನೋಡಿ ಒಬ್ಬ ಹುಡುಗಿಯ ಓದು ನಿಲ್ಲಿಸಲು ಮೂರೂ ಜನ ತಯಾರಾದರು. ಅವಳನ್ನು ಒಂದು ಮಾತು ಕೇಳೋಣ ಎಂದು ಯಾರಿಗೂ ಅನ್ನಿಸಲಿಲ್ಲ.

ಅಯ್ಯಮ್ಮನ ಸಿಟ್ಟಿಗೆ ಹಳೆಯ ಕಾರಣವೂ ಇತ್ತು. ಅವರ ಮನೆಯಲ್ಲಿ ಮುತ್ತ್ಯಾನ ಕಾಲದಿಂದ ಪೀರನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಕಂದೂರಿ ನಡೆಯುತ್ತದೆ. ಹಿಂಡಿನ ಒಂದು ಟಗರನ್ನು ಪೀರನಿಗೆಂದು ಬಿಡುತ್ತಾರೆ. ಮುಲ್ಲಾ ಬಂದು ಅದನ್ನು ಕೊಯ್ದು, ಅಡಿಗೆಯಾದ ಮೇಲೆ ಸಕ್ಕರೆ ಮುಂದಿಟ್ಟುಕೊಂಡು ಪ್ರಾರ್ಥನೆಯ ಓದಿಕೆ ಮಾಡುತ್ತಾನೆ. ಆಮೇಲೆ ಇಡೀ ಓಣಿ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತದೆ. ಮುಲ್ಲಾನ ಹೆಂಡತಿ ಚಾಂದಬೀ ಗೋಡೆಯ ಆಚೆಯ ಮನೆಯವಳು. ಮಸಾಲೆ ಅರೆಯುವುದಕ್ಕೆ ಮುಂಜಾನೆಯೇ ಬಂದುಬಿಡುವವಳು. ಆದರೆ ಈ ವರ್ಷ ಮುಲ್ಲಾ ಬರಲಿಲ್ಲ. ಕರೆಯಲು ಹೋಗಿದ್ದ ಪರಮಣ್ಣ, "ನಿಮ್ಮ ಮನಿ ಕಂದೂರಿ ನಮಗ ಬ್ಯಾಡ ಅಂದ ಮುಲ್ಲಾ," ಎಂದು ಹೇಳಿ, ತಾನೇ ಟಗರು ಕೊಯ್ದಿದ್ದ. ಚಾಂದಬೀ ಈ ಕಡೆ ಹಣಿಕಿಯೂ ಹಾಕಲಿಲ್ಲ. ಅಂದಿನಿಂದ ಎರಡೂ ಮನೆಗಳ ನಡುವೆ ಮಾತು ಬಂದ್.

ಅತ್ತಿಗೆ ಮೈದುನ ಟಂಟಂ ಹತ್ತಿ ವಿಶ್ವವಿದ್ಯಾಲಯದ ಕೇಂದ್ರಕ್ಕೆ ಬಂದಾಗ ಮಧ್ಯಾಹ್ನವಾಗಿತ್ತು. ಒಂದು ದೊಡ್ಡ ಕೋಣೆಯಲ್ಲಿ ಹುಡುಗ ಹುಡುಗಿಯರು ದುಂಡಗೆ ಕುಳಿತಿದ್ದರು. ಸುಕನ್ಯಾ ತಾಯಿಯನ್ನು ನೋಡಿ ಓಡಿ ಬಂದಳು.

"ಬಟ್ಟಿ ಗಂಟು ಕಟ್ಟು, ನಡಿ," ಎಂದಳು ಅಯ್ಯಮ್ಮ.

"ಯಾಕ ಯವ್ವಾ? ಏನಾತು?"

"ಏನಾತು ಅಂತ ಕೇಳ್ತಿ? ಮಸೀದ್ಯಾಗ ಕುಂತು ಏನ್ ಮಾಡಾಕತ್ತಿದ್ದಿ?"

ಪರಮಣ್ಣ ಫೋನು ಮುಂದೆ ಹಿಡಿದ. ಸುಕನ್ಯಾಳ ಮುಖ ಕೆಂಪಗಾಯಿತು. ತಪ್ಪು ಮಾಡಿದವರ ನಾಚಿಕೆ ಅಲ್ಲ ಅದು, ಕೋಪ. ಅವಳು ತನ್ನ ಫೋನು ತೆಗೆದು ಪೂರ್ತಿ ಫೋಟೊ ತೋರಿಸಿದಳು. ಅದರಲ್ಲಿ ಇಡೀ ತರಗತಿಯೇ ಕುಳಿತಿತ್ತು, ಇಬ್ಬರು ಮೇಷ್ಟ್ರೂ ಇದ್ದರು. ಮುಂದಿನ ಫೋಟೊದಲ್ಲಿ ಅದೇ ಸೊಹೇಲ್ ಹಣೆಗೆ ಭಂಡಾರ ಹಚ್ಚಿಕೊಂಡು ಗುಡಿಯ ಕಟ್ಟೆಯ ಮೇಲಿದ್ದ. ಅದರ ಮುಂದಿನದರಲ್ಲಿ ಎಲ್ಲರೂ ಚರ್ಚಿನ ಬೆಂಚಿನ ಮೇಲಿದ್ದರು.

"ಅಕ್ಕಪಕ್ಕದವರನ್ನೆಲ್ಲ ಕತ್ತರಿಸಿ ನಮ್ಮಿಬ್ಬರನ್ನೇ ಇಟ್ಟಾರ ಕಾಕಾ," ಎಂದಳು. "ಕತ್ತರಿಸಿದವರಿಗೆ ಬುದ್ಧಿ ಇಲ್ಲ ಬಿಡ್ರಿ. ನಂಬಿದ ನಿಮಗರ ಬ್ಯಾಡೇನು?"

ಆಗ ಅವರ ಮೇಡಂ ಅಂಜನಾ ಎದ್ದು ಬಂದರು. "ಬರ್ರಿ ಅವ್ವಾರ, ಕುಂದರ್ರಿ. ಕರಕೊಂಡು ಹೋಗೋದು ಬಿಡೋದು ನಿಮ್ಮ ಮರ್ಜಿ. ಅದಕ್ಕೂ ಮೊದಲ ಇಲ್ಲಿ ಏನ್ ನಡದದ ಅಂತ ಒಮ್ಮೆ ನೋಡ್ರಿ."

"ಕಾಲೇಜಿನಾಗ ಓದಸಬೇಕ್ರಿ. ಗುಡಿ ಮಸೀದಿ ಯಾಕ ಬೇಕು ನಿಮಗ?" ಎಂದ ಪರಮಣ್ಣ.

"ಇದೂ ಓದೇ ಅದರಿ. ಇಲ್ಲಿಗೆ ಯಾದಗಿರಿ, ಸುರಪುರ, ಗೋಗಿ, ಎಲ್ಲಾ ಕಡೀ ಮಕ್ಕಳು ಬರ್ತಾರ. ಎಲ್ಲಾ ಜಾತಿ, ಎಲ್ಲಾ ಧರ್ಮದವರು. ಹೋದ ವರ್ಷ ಊಟದ ಕೋಣ್ಯಾಗ ಬ್ಯಾರೆ ಬ್ಯಾರೆ ಕುಂದ್ರಾಕ ಸುರು ಮಾಡಿದ್ರು. ನೀರಿನ ಕೊಡಕ್ಕೂ ಜಗಳ. ಇವರು ನಾಳಿ ಸಾಲಿ ಮಾಸ್ತರು, ತಹಶೀಲಿ ನೌಕರರು ಆಗೋರು. ಇಂಥ ತಲಿ ಹೊತಗೊಂಡು ಹೊರಗ ಹೋದ್ರ ಊರು ಉಳೀತಾವೇನ್ರಿ? ಅದಕ್ಕ ಎಲ್ಲಾರನ್ನೂ ಕೂಡೇ ಗುಡಿ, ಮಸೀದಿ, ಚರ್ಚಿಗೆ ಕರಕೊಂಡು ಹೋಗ್ತೀವಿ, ವಾರಕ್ಕೊಮ್ಮೆ ಇಲ್ಲಿ ಕುಂದ್ರಸ್ತೀವಿ. ಯಾರು ಯಾರಿಗೆ ಬೇಕಾದ್ದು ಕೇಳಬೌದು. ನಗಬಾರದು, ನಡುವ ಎದ್ದು ಹೋಗಬಾರದು, ಅಷ್ಟ."

ಅಯ್ಯಮ್ಮ ಒಲ್ಲದ ಮನಸ್ಸಿನಿಂದ ಕುಳಿತಳು. ಅಲ್ಲಿ ನಡೆದದ್ದು ಸಿಹಿ ಸಿಹಿ ಮಾತಲ್ಲ. ಒಬ್ಬ ಹುಡುಗಿ ಸುಕನ್ಯಾ, ಸೊಹೇಲ್ ಇಬ್ಬರ ಕಡೆ ನೋಡಿ, "ನಿಮ್ಮಿಬ್ಬರ ಮನ್ಯಾಗೂ ನನಗ ನೀರು ಮ್ಯಾಲಿಂದ ಹಾಕ್ತಾರ, ಅದನ್ನ ಯಾವ ಧರ್ಮ ಹೇಳ್ಯದ?" ಎಂದು ಕೇಳಿದಳು.  ಸೊಹೇಲ್, "ನಮ್ಮ ಹೆಸರು ಕೇಳಿದ ಕೂಡಲೇ ಬಾಡಿಗಿ ಮನಿ ಖಾಲಿ ಇಲ್ಲ ಅಂತೀರಿ. ನಾವೇನ್ ಮಾಡೀವಿ?" ಎಂದ.

ಅವನ ದನಿ ಕೇಳಿದ್ದೇ ಅಯ್ಯಮ್ಮನಿಗೆ ತಡೆಯಲಾಗಲಿಲ್ಲ. ಎದ್ದೇ ನಿಂತಳು.

"ನಾನೂ ಕೇಳ್ತೀನಿ. ಏ ಸೊಹೇಲ್, ನಿಮ್ಮಪ್ಪ ನಮ್ಮ ಕಂದೂರಿಗೆ ಯಾಕ ಬರಲಿಲ್ಲ? ಅಷ್ಟು ಸೊಕ್ಕೇನು? ನಿನಗ ಜ್ವರ ಬಂದಾಗ ಎತಗೊಂಡು ಓಡಿದಾಕಿ ನಾ. ನಮ್ಮ ಮನಿ ಅನ್ನ ಹೊಲಸಾತೇನು ನಿಮಗ?"

ಸೊಹೇಲ್ ಅವಳನ್ನೇ ನೋಡಿದ. "ಬರಬ್ಯಾಡ ಅಂತ ನಿಮ್ಮ ಮನಿಯಿಂದಾನೇ ಹೇಳ್ಯಾರಲ್ಲ ಕಾಕಿ. ಈ ವರ್ಷ ಕಂದೂರಿ ಇಲ್ಲ, ಇನ್ನ ಮುಂದ ನಿಮ್ಮ ಜರೂರತ್ತೂ ಇಲ್ಲ ಅಂದ್ರಂತ. ಆ ಮಾತು ಬಂದಾಗ ಅಪ್ಪ ಜಳಕ ಮಾಡಿ, ಬಿಳಿ ಅಂಗಿ ಹಾಕ್ಕೊಂಡು ಕುಂತಿದ್ದ. ಅವ್ವ ಅಡಿಗಿ ಮಾಡೋ ದೊಡ್ಡ ಡೇಗು ಬೆಳಗಿ ಬಾಗಿಲಾಗ ಇಟ್ಟಿದ್ಳು. ನಿಮ್ಮ ಮನಿ ಹೊಗಿ ನಮ್ಮ ಮನಿಗೇ ಬಂತು. ಅವತ್ತು ನಮ್ಮಲ್ಲಿ ಯಾರೂ ಉಣ್ಣಲಿಲ್ಲ ಕಾಕಿ."

"ಯಾರು ಹೇಳಿದ್ರು ಹಂಗ?"

ಸೊಹೇಲ್ ಪರಮಣ್ಣನ ಕಡೆ ನೋಡಿದ. ಸುಕನ್ಯಾ ತಲೆ ತಗ್ಗಿಸಿದಳು. "ಇಷ್ಟು ದಿನ ಒಂದೇ ಬೆಂಚಿನ ಮ್ಯಾಲ ಕುಂತೀವಿ. ಊರಿನ ಮಾತು ಇಲ್ಲಿ ಯಾಕ ಅಂತ ನಾನೂ ಕೇಳಲಿಲ್ಲ," ಎಂದಳು.

ಅಯ್ಯಮ್ಮ ಮೈದುನನ ಕಡೆ ತಿರುಗಿದಳು. ಮುಂಜಾನೆಯಿಂದ ಮಗಳ ಮೇಲಿದ್ದ ಸಿಟ್ಟೆಲ್ಲ ಈಗ ಸರಿಯಾದ ಮನೆ ಹುಡುಕಿಕೊಂಡಿತ್ತು. "ಪರಮಣ್ಣ, ಬಾಯಿ ಬಿಡು."

"ಫೋನಿನ್ಯಾಗ ದೋಸ್ತರು ಆಡಿಕೊಂಡ್ರು ವೈನಿ. ನಿಮ್ಮ ಮನ್ಯಾಗ ಮುಲ್ಲಾ ಬಂದು ಕೊಯ್ತಾನ, ನೀವೆಂಥ ಜನ ಅಂದ್ರು. ನನಗ ಶರಮ್ ಆತು."

"ಅವರ ಮುಂದ ಶರಮ್ ಆತು. ಓಣಿ ಮುಂದ ಆಗಲಿಲ್ಲ? ನಿಮ್ಮಣ್ಣನ ಹಿಂಡಿಗೆ ರೋಗ ಬಿದ್ದಾಗ ಅವರು ಬಂದಿದ್ರೇನು? ಮುಲ್ಲಾ ಬಂದಿದ್ದ. ನಮ್ಮ ಜೋಡಿ ಹಟ್ಟ್ಯಾಗ ಮಲಗಿದ್ದ. ಥೂ, ನಿನ್ನ ದೋಸ್ತಿಗೆ ಬೆಂಕಿ ಹಾಕ."

ಅಂಜನಾ ಮೇಡಂ ಕೈ ಎತ್ತಿ ತಡೆದರು. "ಇಲ್ಲಿ ಅವರ ಮಾತೂ ಕೇಳಬೇಕಾಗ್ತದ ಅವ್ವಾರ. ಕೇಳ್ರಿ ಪರಮಣ್ಣ, ನಿಮ್ಮ ಮನಸಿನ್ಯಾಗ ಏನದ?"

ಪರಮಣ್ಣ ಫೋನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಸೊಹೇಲ್‌ನ ಮುಖ ನೋಡದೆ ಕೇಳಿದ: "ಓದಿಕಿಯಾಗ ಏನ್ ಓದ್ತಾರ ನಿಮ್ಮವರು? ನಮ್ಮ ಕೇಡು ಬಯಸ್ತಾರ ಅಂತಾರಲ್ಲ."

"ಮೊದಲ ದೇವರ ಹೆಸರು ಕಾಕಾ. ಆಮೇಲೆ ದುವಾ. ಈ ಮನಿ ತಣ್ಣಗಿರಲಿ, ಹಿಂಡು ಹೆಚ್ಚಲಿ ಅಂತ. ಕಡೀಕ ಮನಿಯವರ ಹೆಸರು ಒಂದೊಂದಾಗಿ ಹೇಳ್ತಾನ ಅಪ್ಪ. ಅಯ್ಯಣ್ಣ ಕಾಕಾಂದು ಆದ ಮ್ಯಾಲ ನಿಮ್ಮದೇ."

 ಪರಮಣ್ಣ ಇಷ್ಟು ವರ್ಷ ಆ ಸಾಲಿನಲ್ಲಿ ಕುಳಿತು ಉಂಡಿದ್ದ, ಸಕ್ಕರೆ ತಿಂದಿದ್ದ. ಮುಲ್ಲಾ ಏನು ಓದುತ್ತಾನೆ ಎಂದು ಮುಲ್ಲಾನನ್ನೇ ಕೇಳಿರಲಿಲ್ಲ. ಮುಖ ಗೊತ್ತಿಲ್ಲದ ಫೋನಿನವರು ಹೇಳಿದರೆ ನಂಬಿದ್ದ.

ಅಯ್ಯಮ್ಮ ಅಲ್ಲಿಂದಲೇ ಗಂಡನಿಗೆ ಫೋನು ಹಚ್ಚಿ ನಡೆದದ್ದನ್ನೆಲ್ಲ ಹೇಳಿದಳು.

"ಊರಾಗ ಎಲ್ಲಾರೂ ಫೋಟೊ ನೋಡ್ಯಾರ. ಏನಂತ ಹೇಳೋದು?" ಎಂದ ಅಯ್ಯಣ್ಣ.

"ಖರೇ ಏನದ ಅದನ್ನ ಹೇಳೋದು. ಸುಳ್ಳು ಹೇಳಿದವರಿಗೆ ಇಲ್ಲದ ನಾಚಿಕಿ ನಮಗ್ಯಾಕ? ಹುಡುಗಿ ಪರೀಕ್ಷಾ ಬರೀತಾಳ. ಆಮ್ಯಾಲ ಆಕಿ ಹ್ಞೂಂ ಅಂದ್ರ ಲಗ್ನ."

ಆಚೆ ಅವನು ಕುರಿಗಳನ್ನು ಗದರಿಸುವುದು ಕೇಳಿಸಿತು. ಕೊನೆಗೆ ಅಯ್ಯಣ್ಣ, "ಆತು. ಹತ್ತಿಕುಣಿಯವರಿಗೆ ನಾನೇ ಹೇಳ್ತೀನಿ. ಮುಲ್ಲಾನ ಕಡಿ ಪರಮಣ್ಣನ್ನ ಕಳಿಸು. ತಾನೇ ಕೆಡಿಸ್ಯಾನ, ತಾನೇ ಹೋಗಿ ಹೇಳ್ಲಿ," ಎಂದ.

ಸಂಜೆ ಊರಿಗೆ ಬಂದವರು ಮನೆಗೆ ಹೋಗಲಿಲ್ಲ, ಮುಲ್ಲಾನ ಬಾಗಿಲಿಗೆ ಹೋದರು. ಪರಮಣ್ಣ ಮುಲ್ಲಾನ ಮುಂದೆ ನಿಂತು ತಪ್ಪು ಒಪ್ಪಿಕೊಂಡ. ಮುಲ್ಲಾ ಅವನನ್ನು ಕುಳ್ಳಿರಿಸಿಕೊಂಡ. ಚಾಂದಬೀ ಮಾತ್ರ ಅಷ್ಟು ಸುಲಭದಲ್ಲಿ ಬಿಡಲಿಲ್ಲ. ಅಯ್ಯಮ್ಮನನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು.

"ಅಂವ ಸಣ್ಣಾಂವ, ಸುಳ್ಳು ಹೇಳಿದ. ನೀ ಹ್ಯಾಂಗ ನಂಬಿದಿ ಅಯ್ಯಮ್ಮ? ಗ್ವಾಡಿ ಆಕಡಿ ನಾ ಇದ್ದೆ. ಒಂದು ಕೂಗು ಹಾಕಿ ಕೇಳಾಕ ಬರತಿದ್ದಿಲ್ಲೇನು?"

"ನೀನೂ ಕೇಳಬೌದಿತ್ತಲ್ಲ ಅಕ್ಕಾ," ಎಂದಳು ಅಯ್ಯಮ್ಮ. ಇಬ್ಬರೂ ಅತ್ತರು, ಒಬ್ಬರನ್ನೊಬ್ಬರು ಬೈದರು, ಆಮೇಲೆ ಚಾಂದಬೀ ಚಹಾಕ್ಕಿಟ್ಟಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಊರುಗಳಲ್ಲಿ ಜನ ಕೂಡಿ ಉಂಡದ್ದು ಬಹಳ, ಕೂಡಿ ಮಾತಾಡಿದ್ದು ಕಡಿಮೆ. ಆ ಸಂದಿನಲ್ಲೇ ಸುಳ್ಳು ನುಸುಳುತ್ತದೆ. ವಿಶ್ವವಿದ್ಯಾಲಯ ಬರೀ ಡಿಗ್ರಿ ಕೊಡುವ ಜಾಗವಲ್ಲ. ಬೇರೆ ಬೇರೆ ಮನೆಗಳ ಮಕ್ಕಳು ಹೆದರಿಕೆಯಿಲ್ಲದೆ ಒಬ್ಬರನ್ನೊಬ್ಬರು ಕೇಳಿ ತಿಳಿಯಬೇಕಾದ ಜಾಗ ಅದು. ನಿಮ್ಮ ಮಗ, ಮಗಳು ಓದುವಲ್ಲಿ ಇಂಥ ಮಾತುಕತೆ ನಡೆಯುತ್ತದೆಯೇ, ವಿಚಾರಿಸಿ. ನಡೆಯುತ್ತಿದ್ದರೆ ಮಕ್ಕಳನ್ನು ತಡೆಯಬೇಡಿ, ನೀವೂ ಒಂದು ದಿನ ಹೋಗಿ ಕುಳಿತುಕೊಳ್ಳಿ. ನಡೆಯದಿದ್ದರೆ ಯಾಕೆ ನಡೆಸುವುದಿಲ್ಲ ಎಂದು ಅಲ್ಲಿಯ ದೊಡ್ಡವರನ್ನು ದನಿ ಎತ್ತಿ ಕೇಳಿ. ಅದು ನಿಮ್ಮ ಹಕ್ಕು.

ಫೋನಿಗೆ ಯಾರದೋ ಮೇಲೆ ಹೊಲಸು ಬಂದರೆ ಮುಂದಕ್ಕೆ ಕಳಿಸುವ ಮೊದಲು ಅವರ ಮನೆಗೇ ಹೋಗಿ ಕೇಳಿ. ಸುಕನ್ಯಾಳ ಪರೀಕ್ಷೆ ಉಳಿಯಿತು. ಇಂಥದೇ ಒಂದು ಫೋಟೊದಿಂದ ಓದು ಬಿಟ್ಟು ಮನೆ ಸೇರಿದ ಹುಡುಗಿ ನಿಮ್ಮ ಓಣಿಯಲ್ಲೂ ಇರಬಹುದು. ನಡೆದದ್ದೇನು ಎಂದು ಅವಳನ್ನು ಯಾರಾದರೂ ಕೇಳಿದ್ದೀರಾ?