ಅಳು ನಿಲ್ಲಿಸಿದ ಹೆಸರು

ಎಲ್ಲಿಂದ ಶುರು ಮಾಡಲಿ? ಬದುಕು, ಪ್ರೀತಿ, ಭರವಸೆ, ಹಣೆಬರಹ ಎಂದು ದೊಡ್ಡದಾಗಿ ಶುರು ಮಾಡಿದ ಡ್ರಾಫ್ಟನ್ನು ಹರಿದು ಹಾಕಿದೆ. (ಕಾದಂಬರಿಗಾರ್ತಿಯಂತೆ! ಎದುರಿಗೆ ಯಾರಾದರೂ ಬಂದರೆ ಎರಡು ಮಾತು ಹೊರಡುವುದಿಲ್ಲ.) ಅಳುವಿನಿಂದಲೇ ಶುರುವಾಗಲಿ.

೧
ಅಕ್ಕ ಅಕೋತ್‌ಳ ಕೂಸು ಬೆಳಗಿನಿಂದ ಒಂದೇ ಸಮನೆ ಅಳುತ್ತಿತ್ತು. ಸತ್ತವರಲ್ಲಿ ಯಾರೋ ತಮ್ಮ ಹೆಸರನ್ನು ಕೂಸಿಗೆ ಇಡಿ ಎಂದು ಕೇಳುತ್ತಿದ್ದಾರೆ ಎಂದು ಕಿಸುಮು ಊರಿನ ನಮ್ಮ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕೇಳುತ್ತಿರುವವರ ಹೆಸರು ಕರೆದರೆ ಅಳು ನಿಲ್ಲುತ್ತದೆ. ಅಜ್ಜಿ ಸತ್ತವರನ್ನು ಒಬ್ಬೊಬ್ಬರನ್ನೇ ಕರೆದಳು.

"ಒಗೋಲ?" ಅಳು. "ಒವಿತಿ?" ಇನ್ನೂ ಜೋರು.

"ಒವಿತಿ ಮಾವ ಬೇಡ ಅಜ್ಜಿ, ಕುಡುಕ. ಮಗು ಹೆದರ್ತಿದೆ" ಎಂದಳು ಅಕ್ಕ.

"ಸತ್ತೋರನ್ನ ಆಡ್ಕೋಬೇಡ ಕಣೇ. ಲೇ ಅಪೊಂಡಿ, ನೀನ್ ತಗೋ, ನನ್ನ ತೊಡೆ ಜೋಮು ಹಿಡೀತು."

೨
ಎತ್ತಿಕೊಂಡೆ. ತಲೆಯೊಳಗೆ ನನ್ನ ಕಾದಂಬರಿಯ ನಾಯಕ ಒಬುರ ಇದ್ದ. (ಸುಳ್ಳು. ನಿಜದ ಒಬುರನೇ ಇದ್ದ. ಗಡಿಯಾಚೆಯ ಜೂಬಾಕ್ಕೆ ಲಾರಿ ಹೊಡೆದುಕೊಂಡು ಹೋದವನು. ಆಮೇಲೆ ಫೋನ್ ಸ್ವಿಚ್ ಆಫ್. ನಮ್ಮ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.) ಕೂಸಿನ ಕಿವಿಯಲ್ಲಿ ಬಾಯಿತಪ್ಪಿ ಅಂದುಬಿಟ್ಟೆ: "ಒಬುರ."

ಅಳು ನಿಂತಿತು.

೩
ಆ ವಾಕ್ಯವನ್ನು ಬದಲಿಸಿ ನೋಡಿದೆ. ನಿದ್ದೆ ಬಂದು ನಿಂತಿತು ಎಂದು ಬರೆದೆ. ಕೂಸು ಒಪ್ಪಲಿಲ್ಲ, ಕಣ್ಣರಳಿಸಿ ನನ್ನನ್ನೇ ನೋಡುತ್ತಿತ್ತು. ಬದುಕಿರುವವರ ಹೆಸರಿಗೆ ಯಾವ ಕೂಸೂ ಸುಮ್ಮನಾಗುವುದಿಲ್ಲ.

"ಒಬುರ ಯಾರೇ? ನಮ್ಮಲ್ಲಿ ಆ ಹೆಸರಿನೋರು ಯಾರೂ ಸತ್ತಿಲ್ವಲ್ಲ" ಎಂದಳು ಅಜ್ಜಿ.

"ಅವ್ನು ಸತ್ತಿಲ್ಲ!"

ನನ್ನ ದನಿ ಅಷ್ಟು ಎತ್ತರ ಹೋದದ್ದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ.

"ಅಬ್ಬಾ, ಇವಳಿಗೂ ಒಬ್ಬ ಇದಾನಾ!" ಎಂದು ಅಕ್ಕ ನಗತೊಡಗಿದಳು. ಕೂಸಿನ ಮುಖ ನೋಡಿದಳು. ನಗು ಅಲ್ಲಿಗೇ ನಿಂತಿತು.

೪
ಮುಕ್ತಾಯ ಒಂದು: ಲಾರಿ ಗಡಿಯ ಕೆಸರಲ್ಲಿ ಹೂತಿದೆ, ಫೋನಿಗೆ ಚಾರ್ಜ್ ಇಲ್ಲ, ಒಬುರ ತಣ್ಣನೆಯ ಉಗಾಲಿ ಮುದ್ದೆ ತಿನ್ನುತ್ತ ರಸ್ತೆಯನ್ನು ಬಯ್ಯುತ್ತಿದ್ದಾನೆ.

ಮುಕ್ತಾಯ ಎರಡು: (ಬರೆಯುವುದಿಲ್ಲ.)

"ಬರಿಯೇ" ಎಂದಳು ಅಜ್ಜಿ, ನನ್ನ ಕಥೆಯೊಳಗೇ ಕೂತುಕೊಂಡು. "ನಮ್ಮ ಕುಲದೋನಲ್ಲದಿದ್ರೇನು? ಅಷ್ಟು ದೂರದಿಂದ ಹೆಸರು ಕೇಳ್ಕೊಂಡು ಬಂದಿದಾನೆ. ಬಾಗಿಲಲ್ಲೇ ಯಾಕೆ ನಿಲ್ಲಿಸ್ತೀಯ?"

"ಅಜ್ಜಿ, ನಾನು ಬರೆಯೋಳು. ನೀನು ಪಾತ್ರ. ಸುಮ್ನಿರು."

"ಪಾತ್ರನೋ ಪಾತ್ರೆನೋ! ಇನ್ನೊಂದ್ಸಲ ಕರಿ. ಅವನೇ ಆಗಿದ್ರೆ ಮಗು ಸುಮ್ನಿರುತ್ತೆ. ಅಲ್ಲದಿದ್ರೆ ಅಳುತ್ತೆ. ಅಷ್ಟೇ."

ಕೂಸನ್ನು ಎದೆಗೆ ಒತ್ತಿಕೊಂಡೆ. ಅಳು ನನ್ನ ಬಂಗಾರ, ಮನೆ ಹಾರಿಹೋಗುವ ಹಾಗೆ ಅಳು.

"ಒಬುರ" ಎಂದೆ.

ಕೂಸು ಬಾಯಿ ತೆರೆಯಿತು. ಅಳುವುದಕ್ಕೋ ಆಕಳಿಸುವುದಕ್ಕೋ ನನ್ನನ್ನು ಕೇಳಬೇಡಿ. ನಾನು ಕಣ್ಣು ಮುಚ್ಚಿಕೊಂಡಿದ್ದೇನೆ, ಪೆನ್ನನ್ನೂ.