ತೋಪಿಗೆ ಮೊದಲು ಹೊಕ್ಕವನು

“ಮೈ ತೊಳೆಯೋದೆಲ್ಲ ಬ್ಯಾಡ ಮಾರಾಯ್ತಿ, ಹಂಗೇ ಕಂಬಳಿ ಸುತ್ರಿ. ಉಣ್ಣಿ ಇದ್ರೆ ನಮಗೂ ಹತ್ತತಾವೆ,” ಅಂದ ಬೇಲಿಯಾಚೆ ನಿಂತಿದ್ದ ನೆರೆಮನೆಯ ಹೂವಪ್ಪ.

“ನಿನ್ನ ಕರೆದೋರು ಯಾರು? ಅಲ್ಲೇ ನಿಂತು ಬೀಡಿ ಸೇದು,” ಎಂದು ಗದರಿದ ಗುಡ್ಡಮ್ಮ, ಜ್ವರದಲ್ಲಿ ತೀರಿಕೊಂಡ ಚಿಕ್ಕಬೀರಪ್ಪನ ಎದೆಯ ಮೇಲೆ ಚೊಂಬಿನ ನೀರು ಸುರಿದಳು. ಉಡಿದಾರದ ಸುತ್ತ ಉಣ್ಣಿ ಕಚ್ಚಿದ ಕೆಂಪು ಗುರುತುಗಳಿದ್ದವು. ದ್ಯಾಮಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬೆಳಗಿನಿಂದ ಮೇವು ಕಾಣದ ಕುರಿಗಳು ಹಟ್ಟಿಯಲ್ಲಿ ಒಂದೇ ಸಮ ಅರಚುತ್ತಿದ್ದವು.

*

ತೊಂಬತ್ತೇಳರ ಬೇಸಿಗೆ ಅದು. ಜಡೆ ಊರಿನ ಕಡೆಯ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಉಣ್ಣಿ ಕಚ್ಚಿದವರಿಗೆಲ್ಲ ಮಂಗನ ಕಾಯಿಲೆ ಬರುತ್ತದೆಂದು ಕಂಪನಿ ತನ್ನ ನೀಲಗಿರಿ ತೋಪಿನ ಕೆಲಸ ನಿಲ್ಲಿಸಿತ್ತು. ಕಡಿದ ಮರ ಬಿದ್ದಲ್ಲೇ ಬಿದ್ದಿದೆಯೆಂದು ಮತ್ತೆ ಶುರು ಮಾಡಿತು. ಮ್ಯಾನೇಜರಿಗೂ ಮೇಸ್ತ್ರಿ ಗಂಗಾಧರಪ್ಪನಿಗೂ ಸೂಜಿಮದ್ದು, ಉಣ್ಣಿ ಹತ್ತದಂತೆ ಕಾಲಿಗೆ ಹಚ್ಚಲು ಎಣ್ಣೆ. ಕೂಲಿಯವರಿಗೆ ‘ಹುಷಾರಾಗಿರ್ರಿ’ ಅನ್ನುವ ಮಾತು.

ಆಗ ಗಂಗಾಧರಪ್ಪನೇ ಹಟ್ಟಿಗೆ ಬಂದಿದ್ದ. ಒಂದು ಕುರಿ ಬೇಲಿ ದಾಟಿದರೂ ದೊಡ್ಡಿಗೆ ಹೊಡೆಯುತ್ತಿದ್ದ ಮನುಷ್ಯ!

“ಬೀರಪ್ಪಣ್ಣ, ದಿನಾ ಬೆಳಿಗ್ಗೆ ಕುರಿ ಒಳಗೆ ಬಿಟ್ಕೊ. ಹುಲ್ಲು ಮೊಣಕಾಲುದ್ದ ನಿಂತೈತಿ.”

ಸಂಜೆ ಚಿಕ್ಕಬೀರಪ್ಪ ಹೆಂಡತಿಯ ಮುಂದೆ ರುಮಾಲು ಸರಿಮಾಡಿಕೊಂಡ. “ನಮ್ಮ ಕುರಿ ಒಂದು ಸುತ್ತು ಹಾಕೋವರೆಗೂ ಮೇಸ್ತ್ರಿ ಗೇಟಲ್ಲೇ ಕಾಯ್ತಾನೆ ಕಣೇ! ಈ ವಯಸ್ಸಿಗೆ ಮರ್ಯಾದೆ ಬಂತು ನೋಡು.”

ಕುರಿಯ ಕಿವಿಯಿಂದ ಉಣ್ಣಿ ಕಿತ್ತು ಕೆಂಡಕ್ಕೆ ಹಾಕುತ್ತಿದ್ದ ದ್ಯಾಮಮ್ಮ, “ಬಂತು ಬಂತು, ಸಾಹೇಬ್ರು,” ಅಂತ ನಕ್ಕಿದ್ದಳು.

*

ಮಣ್ಣು ಮಾಡಿ ಬರುವಾಗ ಗುಡ್ಡಮ್ಮ ದ್ಯಾಮಮ್ಮನ ಕೈ ಹಿಡಿದಳು. ಗುಡ್ಡಮ್ಮನೂ ತೋಪಿನ ಕೂಲಿಯೇ.

“ಹೇಳ್ಬಾರ್ದು ಅನ್ಕೊಂಡಿದ್ದೆ ಅಕ್ಕಾ. ಉಣ್ಣಿ ಎಲ್ಲ ಕುರಿ ಮೈಗೆ ಹತ್ಲಿ ಅಂತ ಬೀರಪ್ಪಣ್ಣನ್ನ ಮೊದಲು ಕಳಿಸ್ತಿದ್ರು. ಆಮೇಲೆ ಮೇಸ್ತ್ರಿ, ಅವನ ಹಿಂದೆ ನಾವು.”

“ನಿಂಗೆ ಗೊತ್ತಿತ್ತಾ?”

“ನಂಗೂ ಮಕ್ಕಳಿದಾವಲ್ಲಕ್ಕಾ.”

ದ್ಯಾಮಮ್ಮ ಕೈ ಬಿಡಿಸಿಕೊಂಡಳು.

ಹಟ್ಟಿಯ ಮುಂದೆ ಗಂಗಾಧರಪ್ಪ ನಿಂತಿದ್ದ. ಮಗ ಮಾಳೇಶ ಮಿಂದ ಒದ್ದೆ ಬಟ್ಟೆಯಲ್ಲೇ ಅವನ ಮಾತು ಕೇಳುತ್ತಿದ್ದ.

“ದೇವರಂಥ ಮನುಷ್ಯ ನಿಮ್ಮಪ್ಪ. ನಾಳೆ ಮ್ಯಾನೇಜರು ತೋಪು ನೋಡಾಕ ಬರ್ತಾರ. ಕುರಿನೂ ಪಾಪ ಹಸಿದಾವ. ಈಗ ಅತ್ತ ಒಂದು ಸುತ್ತು ಹೊಡ್ಕೊಂಡ್ ಬಂದ್ರೆ...”

“ಇವನ ಕಾಲಿಗೆ ಎಣ್ಣೆ ತಂದೀರೇನ್ರೀ ಮೇಸ್ತ್ರಿ?” ಅಂದಳು ದ್ಯಾಮಮ್ಮ.

“ಕೇಳ್ತೀನಿ ತಾಯಿ. ಮ್ಯಾನೇಜರನ್ನ ಕೇಳಿ ಹೇಳ್ತೀನಿ.”

“ಮಾಳೇಶ, ಅಲ್ಲಿಗೆ ಹೋಗಬ್ಯಾಡ.”

“ಮತ್ತೆಲ್ಲಿಗೆ ಹೋಗ್ಲವ್ವಾ? ಕೆರೆ ಅಂಗಳದಾಗೂ ಹಸಿರಿಲ್ಲ.”

“ನಿಮ್ಮಪ್ಪನ್ನ ಮುಂದೆ ಬಿಟ್ಟು ಕೊಂದ್ರು ಕಣೋ!”

“ಗೊತ್ತವ್ವ,” ಅಂದ ಮಾಳೇಶ.

ಹಟ್ಟಿಯ ಬಾಗಿಲು ಸರಿಸಿದ. ದ್ಯಾಮಮ್ಮ ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತಳು. ಹಸಿದ ಕುರಿಗಳು ಅವಳ ಸೀರೆ ಸವರುತ್ತ ಎರಡು ಪಾಲಾಗಿ ಹರಿದು, ಬೆನ್ನ ಹಿಂದೆ ಮತ್ತೆ ಒಂದಾಗಿ, ತೋಪಿನ ಕಡೆ ಓಡಿದವು. ಮಾಳೇಶ ತಲೆ ತಗ್ಗಿಸಿ ಅವುಗಳ ಹಿಂದೆ ನಡೆದ. ಕೊನೆಯ ಕುರಿಯೂ ದೂರವಾದ ಮೇಲೆ ಗಂಗಾಧರಪ್ಪ ಬಗ್ಗಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಳ್ಳತೊಡಗಿದ.