ಬೀಗದೊಳಗಿನ ರಜೆ

ಬೇಸಿಗೆ ರಜೆ ಬಂತೆಂದರೆ ಟೈಲರ್‌ಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿರುತ್ತಿರಲಿಲ್ಲ. ಶಾಲೆ ತೆರೆಯುವುದರೊಳಗೆ ಮುನ್ನೂರು ಜೊತೆ ಸಮವಸ್ತ್ರ ಹೊಲಿದು ಕೊಡಬೇಕು. ಅಂಗಡಿಯ ತುಂಬ ನೀಲಿ ಬಟ್ಟೆಯ ಥಾನುಗಳು. ಅಂಥ ಒಂದು ಬೆಳಿಗ್ಗೆ ಅಂಗಡಿಯ ಮೇಲಿನ ಮಹಡಿ ಮನೆಯ ಹೆಂಗಸು ಬಾಗಿಲಲ್ಲಿ ಬಂದು ನಿಂತಳು. ಆಸ್ಪತ್ರೆಯಲ್ಲಿ ಆಯಾ ಕೆಲಸ ಅವಳದು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು.

"ಅಣ್ಣಾ, ರಜೆ ಮುಗಿಯೋವರೆಗೂ ಮಧ್ಯಾಹ್ನದ ಹೊತ್ತು ಮಕ್ಕಳು ನಿಮ್ಮ ಅಂಗಡೀಲಿ ಕೂತ್ಕೋಬಹುದಾ? ಮೇಲೆ ತಗಡಿನ ಸೂರು, ಕಾದು ಕೆಂಡ ಆಗುತ್ತೆ."

"ಇಲ್ಲಿ ಕತ್ತರಿ, ಸೂಜಿ, ಇಸ್ತ್ರಿ ಪೆಟ್ಟಿಗೆ. ನಿನ್ನ ಮಿಡತೆ ಒಂದು ಕಡೆ ಕೂರೋ ಪ್ರಾಣೀನಾ? ನಾನು ಬಟ್ಟೆ ಹೊಲೀಲೋ, ಅವನ ಹಿಂದೆ ಓಡ್ಲೋ?"

ಮಿಡತೆ ಎಂದರೆ ಅವಳ ಏಳು ವರ್ಷದ ಮಗ. ಮೆಟ್ಟಿಲನ್ನು ಎಂದೂ ಒಂದೊಂದಾಗಿ ಇಳಿದವನಲ್ಲ. ಆ ಹೆಸರಿಟ್ಟವನು ಟೈಲರೇ. ಅಕ್ಕನಿಗೆ ಹನ್ನೆರಡು.

"ಹೊರಗೆ ಬಿಟ್ರೆ ಕಲ್ಲು ಕ್ವಾರಿ ನೀರಿಗೆ ಓಡ್ತವೆ. ಹೋದ ವರ್ಷ ಒಂದು ಹುಡುಗ ಮುಳುಗಿ ಹೋದ್ನಲ್ಲ... ಬಿಡಿ, ಬೀಗ ಹಾಕ್ಕೊಂಡು ಹೋಗ್ತೀನಿ."

"ಅದೇ ಒಳ್ಳೇದು. ಮನೆಯೊಳಗಿದ್ರೆ ಯಾವ ಭಯಾನೂ ಇಲ್ಲ," ಎಂದು ಟೈಲರ್ ಸೂಜಿಗೆ ದಾರ ಪೋಣಿಸಿದ.

ಮೂರನೆಯ ವಾರ, ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ದಡದಡ ಸದ್ದು ಶುರುವಾಯಿತು. ನಿಲ್ಲಲೇ ಇಲ್ಲ. ಟೈಲರ್‌ನ ಹೊಲಿಗೆ ಎರಡು ಸಲ ಸೊಟ್ಟಗಾಯಿತು. ಅವನು ಬೀದಿಗೆ ಬಂದು ಮೇಲೆ ನೋಡಿ ಗದರಿದ: "ಏಯ್, ಸಾಕು ಮಾಡ್ರೋ! ಮನೆ ಬೀಳಿಸ್ತೀರಾ?"

ಸದ್ದು ನಿಂತಿತು. ಅವನು ನೆಮ್ಮದಿಯಿಂದ ಕಾಲರಿನ ಕೆಲಸ ಮುಗಿಸಿದ.

ಅರ್ಧ ಗಂಟೆ ಕಳೆದಿರಬೇಕು. ಕಿಟಕಿಯ ಗಾಜು ಒಡೆದು ಬೀದಿಗೆ ಬಿತ್ತು. "ಮಾಮಾ, ತಮ್ಮ ಮಾತಾಡ್ತಿಲ್ಲ!" ಎಂದು ಹುಡುಗಿ ಕಿರುಚಿದಳು. ಟೈಲರ್ ಓಡಿ ಹೋಗಿ ಕಲ್ಲಿನಿಂದ ಬೀಗ ಜಜ್ಜಿದ. ಹುಡುಗ ನೆಲದ ಮೇಲೆ ಬಿದ್ದಿದ್ದ. ಮೈ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಬಿಂದಿಗೆಯ ಕೊನೆಯ ನೀರನ್ನೂ ಅಕ್ಕ ಅವನ ತಲೆಗೆ ಸುರಿದಿದ್ದಳು. ಮನೆಗಿದ್ದ ಒಂದೇ ಫೋನು ತಾಯಿಯ ಬಳಿಯಿತ್ತು.

ಟೈಲರ್ ಅವನನ್ನು ಎತ್ತಿಕೊಂಡು ಆಟೋ ಹತ್ತಿದ. ಆಸ್ಪತ್ರೆಯ ಬಾಗಿಲಲ್ಲಿ ನೆಲ ಒರೆಸುತ್ತಿದ್ದ ತಾಯಿಗೆ, ತಲೆ ಎತ್ತದೆಯೇ ಯಾರದೋ ಮಗು ಎಂದುಕೊಂಡು ದಾರಿ ಬಿಟ್ಟವಳಿಗೆ, ಚಡ್ಡಿಯ ತೇಪೆ ಕಂಡ ಮೇಲಷ್ಟೇ ಅದು ತನ್ನ ಮಗನೆಂದು ಗೊತ್ತಾಯಿತು. ಸಂಜೆಗೆ ಹುಡುಗ ಹೋಗಿಬಿಟ್ಟ. "ಅರ್ಧ ಗಂಟೆ ಮೊದಲು ಬಂದಿದ್ರೆ ನೋಡಬಹುದಿತ್ತು," ಎಂದು ಡಾಕ್ಟರು ಹೇಳಿದ್ದು ಟೈಲರ್‌ನ ಕಿವಿಗೂ ಬಿತ್ತು.

ಬೀದಿಯವರೆಲ್ಲ ತಾಯಿಯನ್ನೇ ಆಡಿಕೊಂಡರು. "ಹೆತ್ತವಳು ಬೀಗ ಹಾಕಿ ಹೋಗೋದಾ?" ಅವರ ನಡುವೆ ಟೈಲರೂ ತಲೆ ತಗ್ಗಿಸಿ ನಿಂತಿದ್ದ. ಒಂಬತ್ತನೆಯ ದಿನ ಅವನು ಮೆಟ್ಟಿಲು ಹತ್ತಿದ.

"ತಂಗೀ, ಬಾಗಿಲು ಬಡಿದ ಸದ್ದು ನಂಗೆ ಕೇಳಿಸಿತ್ತು. ಆಟ ಆಡ್ತಿದಾರೆ ಅಂದ್ಕೊಂಡೆ. ಗದರಿಸ್ದೆ."

ಅವಳು ಗೋಡೆಗೆ ಒರಗಿ ಕೂತಿದ್ದಳು. "ಮಗಳು ಹೇಳಿದ್ಲು. ಮಾಮಂಗೆ ಕೋಪ ಬಂತು ಅಂತ ಬಡಿಯೋದು ನಿಲ್ಲಿಸಿದ್ಲಂತೆ."

ಟೈಲರ್ ಹೊಸಿಲ ಹೊರಗೇ ಕೂತ.

"ನಿಮ್ಮನ್ನ ಏನಂತ ಅನ್ಲಿ ಅಣ್ಣಾ? ಬೀಗ ಹಾಕಿದ್ದು ನನ್ನ ಕೈ."

ಏಳುವ ಮುನ್ನ ಅವನು ಕೇಳಿದ, "ನೀನು ಕೆಲಸಕ್ಕೆ ಹೋಗೋವಾಗ ಮಗಳು ನನ್ನ ಹತ್ರ ಇರಬಹುದಾ?"

"ಅವಳಿಗೆ ಇಷ್ಟ ಇದ್ರೆ ಬರ್ತಾಳೆ. ನಾನು ಬಲವಂತ ಮಾಡಲ್ಲ."

ಮರುದಿನ ಅವನು ಥಾನುಗಳನ್ನೆಲ್ಲ ತನ್ನ ಮಲಗುವ ಕೋಣೆಗೆ ಸಾಗಿಸಿದ. ಕತ್ತರಿಗಳು ಅಟ್ಟ ಸೇರಿದವು. ತೆರವಾದ ಜಾಗದಲ್ಲಿ ಚಾಪೆ ಹಾಸಿ, ಮೂಲೆಯಲ್ಲಿ ಮಡಕೆ ತುಂಬ ನೀರಿಟ್ಟ. ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ ಹುಡುಗಿ ಬಂದಳು. ಒಳಗೆ ಬಾರದೆ ಬಾಗಿಲ ಬಳಿಯೇ ಕೂತಳು. ಅವನು ಗುಂಡಿಗಳ ಡಬ್ಬಿಯನ್ನು ಅವಳತ್ತ ಸರಿಸಿದ. ಸಂಜೆಯವರೆಗೂ ಅವಳು ಬಿಳಿಯವನ್ನೂ ನೀಲಿಯವನ್ನೂ ಬೇರೆ ಬೇರೆ ಮಾಡುತ್ತ ಕೂತಳು.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ತಲೆ ಎತ್ತದೆಯೇ ಹೇಳಿದಳು, "ಮಾಮಾ, ಮೂಲೆ ಮನೇಲಿ ಇಬ್ರು ಚಿಕ್ಕ ಮಕ್ಕಳಿದಾರೆ. ಅವರಮ್ಮನೂ ಬೀಗ ಹಾಕ್ಕೊಂಡು ಹೋಗ್ತಾರೆ."

ಟೈಲರ್ ಕೈಯಲ್ಲಿದ್ದ ಅಂಗಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. "ಅವರಮ್ಮ ಎಲ್ಲಿ ಕೆಲಸ ಮಾಡೋದು? ನಿಂಗೆ ಗೊತ್ತಾ?"

"ಗೊತ್ತು."

"ಹಾಗಿದ್ರೆ ನಡಿ. ಹೋಗಿ ಬೀಗದಕೈ ಕೇಳೋಣ."